ಬಾಯಲ್ಲಿ ಮಾಡಿ ತೋರಿಸಿ

ನಮ್ಮ ಮಾವನಿಗೆ ಅವರ ಕಾರಿನ ಬಗ್ಗೆ ಯಾರಾದರೂ ಏನಾದರೂ ಅಂದರೆ ಸಿಟ್ಟು ಬರುತ್ತದೆ. ನನಗೆ ಯಾರೂ ಏನೂ ಅನ್ನದಿದ್ದರೂ ಬರುತ್ತದೆ. ಹಾಗಾಗಿ ಒಂದೇ ಮನೆಯಲ್ಲಿ ನಾವಿಬ್ಬರೂ ಚೆನ್ನಾಗಿಯೇ ಇದ್ದೇವೆ. ನಡುವೆ ಸಿಕ್ಕಿ ಒದ್ದಾಡುವ ಪ್ರಾಣಿ ನನ್ನ ಗಂಡ. ಅವರಿಗೆ ಬೇಕರಿಯಲ್ಲಿ ಕೆಲಸ. ಊರು ಏಳುವ ಮುಂಚೆ ಹೋಗಿ, ನಾವೆಲ್ಲ ಹೊರಡುವ ಹೊತ್ತಿಗೆ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದು ಮಲಗಿಬಿಡುತ್ತಾರೆ. ನಾನು ಹಲ್ಲಿನ ಡಾಕ್ಟರ ಬಳಿ ಸಹಾಯಕಿ, ಬೆಳಿಗ್ಗೆ ಬೇಗ ಹೋಗಿ ಕ್ಲಿನಿಕ್ಕಿನ ಬಾಗಿಲು ತೆಗೆಯಬೇಕು. ಆದ್ದರಿಂದ ಮಗಳು ಪುಟ್ಟಿಯನ್ನು ಶಾಲೆಗೆ ಬಿಡುವುದು ಮಾವನ ಪಾಲಿನ ಕೆಲಸ. ಕಳೆದ ವರ್ಷ ಅತ್ತೆ ತೀರಿಕೊಂಡ ಮೇಲೆ ಮಾವ ಬೆಳಿಗ್ಗೆ ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುವುದು ಎರಡೇ ಕಾರಣಕ್ಕೆ. ಒಂದು, ಈ ಶಾಲೆಯ ಓಡಾಟ. ಇನ್ನೊಂದು, ಭಾನುವಾರದ ಗುಂಪು.

ಗುಂಪು ಅಂದರೆ ಅವರದೇ ಮಾದರಿಯ ಕಾರು ಇಟ್ಟುಕೊಂಡವರದ್ದು. ಆ ಕಾರು ಮಾಡುವುದನ್ನು ಕಂಪನಿ ನಿಲ್ಲಿಸಿ ಯಾವ ಕಾಲವಾಯಿತೋ. ಗ್ಯಾರೇಜಿಗೆ ತೆಗೆದುಕೊಂಡು ಹೋದರೆ ಅಲ್ಲಿನವರು ಬಾನೆಟ್ ಎತ್ತಿ ನೋಡಿ, ಸತ್ತವರ ಮನೆಗೆ ಬಂದವರ ಹಾಗೆ ಮುಖ ಮಾಡುತ್ತಾರೆ. ಹಾಗಾಗಿ ಇವರೇ ಒಬ್ಬರಿಗೊಬ್ಬರು ವೈದ್ಯರು. ಹಳೆಯ ಗೋದಾಮಿನ ಹಿಂದಿನ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ಯಾರ ಗಾಡಿಗೆ ಏನು ಕಾಯಿಲೆ ಅಂತ ವಿಚಾರಿಸಿಕೊಳ್ಳುತ್ತಾರೆ. ಬೇರೆಯವರ ಗಾಡಿಗೆ ಯಾರೂ ಕೈ ಹಾಕುವ ಹಾಗಿಲ್ಲ. ಬುದ್ಧಿ ಹೇಳಬಹುದು, ಸ್ಪ್ಯಾನರ್ ಹಿಡಿಯಬೇಕಾದವರು ಮಾತ್ರ ಗಾಡಿಯವರೇ.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ನಿಯಮವಿದೆ. ಗಾಡಿ ಸದ್ದು ಮಾಡುತ್ತಿದೆ ಎಂದು ದೂರು ತಂದವರು ಇಂಜಿನ್ ಸ್ಟಾರ್ಟ್ ಮಾಡಿ ಕೇಳಿಸಬಾರದು. ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಈ ನಿಯಮ ಹುಟ್ಟಿಸಿದವರು ನಮ್ಮ ಮಾವ. ಸುಮ್ಮನೆ ಹೊಗೆ ಎಬ್ಬಿಸಿ ಅಕ್ಕಪಕ್ಕದವರ ಬಾಯಿಗೆ ಯಾಕೆ ಬೀಳಬೇಕು, ಅಲ್ಲದೆ ಬಾಯಲ್ಲಿ ಮಾಡಬೇಕು ಅಂದರೆ ಮೊದಲು ಸರಿಯಾಗಿ ಕೇಳಿಸಿಕೊಂಡಿರಬೇಕು, ಅರ್ಧ ರಿಪೇರಿ ಅಲ್ಲೇ ಆಯಿತು ಎನ್ನುವುದು ಅವರ ವಾದ. ಅದು ಎಲ್ಲರಿಗೂ ಸರಿ ಎನಿಸಿತ್ತು. ನೋಡಬೇಕು ನೀವು ಆ ಚಂದ. ತಲೆ ನರೆತವರೆಲ್ಲ ಗಂಭೀರವಾಗಿ ನಿಂತು ಗುಟುರು ಹಾಕುವುದೇನು, ಹಲ್ಲು ಕಡಿಯುವುದೇನು, ತುಟಿ ಅದುರಿಸುವುದೇನು. ನಾನು ಮೊದಲ ಸಲ ಚಹಾ ತಿಂಡಿ ಕೊಡಲು ಹೋದವಳು ನಗು ತಡೆಯಲಾರದೆ ಡಿಕ್ಕಿಯ ಹಿಂದೆ ಹೋಗಿ ಕೂತಿದ್ದೆ.

ನಕ್ಕರೂ ಒಪ್ಪಬೇಕಾದ ಮಾತೆಂದರೆ, ಮಾವ ಹೇಳಿದ್ದು ಸುಳ್ಳಾದದ್ದನ್ನು ನಾನು ನೋಡಿಲ್ಲ. ಕೆಲಸದಲ್ಲಿದ್ದಾಗ ಅವರು ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್. ಒಂದು ಹಲೋದಲ್ಲೇ ಆಚೆ ಇರುವವರು ಯಾರೆಂದು ಹೇಳುತ್ತಿದ್ದರಂತೆ. ಹಳದಿ ಕಾರಿನ ಗಣಿತದ ಮೇಡಂ ಒಮ್ಮೆ ನಾಲಿಗೆಯಿಂದ ಕಟ ಕಟ ಕಟ ಎಂದು ಸದ್ದು ಮಾಡಿದರು. ಮಾವ ಕೇಳಿದ್ದು ಒಂದೇ: ತಿರುವಿನಲ್ಲಿ ಮಾತ್ರವೋ, ನೇರ ರಸ್ತೆಯಲ್ಲೂ ಉಂಟೋ. ತಿರುವಿನಲ್ಲಿ ಮಾತ್ರ ಎಂದಾಗ, ಮುಂದಿನ ಚಕ್ರದ ಒಳಗಡೆ ಬಗ್ಗಿ ನೋಡಿ, ಆಕ್ಸಲ್ ಕೀಲಿನ ರಬ್ಬರ್ ಹರಿದು ಗ್ರೀಸ್ ಹೊರಗೆ ಬಂದಿರುತ್ತದೆ ಎಂದರು. ಹಾಗೇ ಆಗಿತ್ತು. ಇನ್ನೊಮ್ಮೆ ಗುಂಪಿನಲ್ಲಿರುವ ಟೈಲರ್ ಬಂದು, ಕೀ ತಿರುಗಿಸಿದರೆ ಟಕ್ ಎನ್ನುತ್ತದೆ, ಅಷ್ಟೇ, ಮುಂದಕ್ಕಿಲ್ಲ ಎಂದು ಮುಖ ಸಣ್ಣದು ಮಾಡಿಕೊಂಡರು. ಹೊಸ ಬ್ಯಾಟರಿ ತರಲು ಹೊರಟಿದ್ದ ಮನುಷ್ಯನನ್ನು ಮಾವ ತಡೆದು, ಬ್ಯಾಟರಿಯ ತುದಿಗಳಲ್ಲಿ ಬೂಷ್ಟು ಹಿಡಿದಂತೆ ಬಿಳಿ ಪುಡಿ ಕೂತಿದೆಯೇ ನೋಡಿ, ಅಡುಗೆ ಸೋಡಾ ಕಲಸಿದ ಬಿಸಿ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ ಎಂದರು. ಬ್ರಷ್ ಕೊಟ್ಟವಳು ನಾನೇ.

ಇಂಥ ಮನುಷ್ಯನ ಕಾರಿನಲ್ಲೇ ಆ ಸದ್ದು ಕೇಳಿದ್ದು.

ಅವತ್ತು ಕ್ಲಿನಿಕ್ ತಡವಾಗಿ ತೆರೆಯುವುದಿತ್ತು. ಪುಟ್ಟಿಯ ಜೊತೆ ನಾನೂ ಕಾರು ಹತ್ತಿದೆ. ಬೀದಿ ದಾಟಿ ದೊಡ್ಡ ರಸ್ತೆಗೆ ಬಂದದ್ದೇ ತಡ, ಮುಂದಿನ ಚಕ್ರದ ಕಡೆಯಿಂದ ಕೀ ಎಂದು ಸಣ್ಣಗೆ, ಚೂಪಾಗಿ ಒಂದು ಕೀರಲು ಶುರುವಾಯಿತು. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದಾಗ ನಿಂತಿತು. ಹೊರಟಾಗ ಮತ್ತೆ ಬಂತು. ನಮ್ಮ ಕ್ಲಿನಿಕ್ಕಿನ ಡ್ರಿಲ್ ಸದ್ದು ದಿನವಿಡೀ ಕೇಳುವವಳು ನಾನು, ನನಗೇ ಹಲ್ಲು ಜುಮ್ಮೆಂದಿತು. ಮಾವ ಮಾತ್ರ ಸ್ಟಿಯರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತ ಆರಾಮಾಗಿದ್ದರು. ಏನದು ಸದ್ದು ಎಂದು ಕೇಳಿದೆ. ಯಾವ ಸದ್ದು, ಕಿಟಕಿ ಏರಿಸು, ಪಕ್ಕದ ಗಾಡಿಯದಿರಬೇಕು ಎಂದರು. ಪಕ್ಕದಲ್ಲಿ ಗಾಡಿಯೇ ಇರಲಿಲ್ಲ. ಹಿಂದಿನ ಸೀಟಿನಿಂದ ಪುಟ್ಟಿ, ಅದು ದಿನಾ ಬರುತ್ತದೆ ಎಂದಳು. ಅವಳ ಅಜ್ಜ ಹೂಂ ಎಂದರು.

ಸಂಜೆ ಮನೆಗೆ ಬಂದ ಮೇಲೆ ಬಿಡಲಿಲ್ಲ ನಾನು. ಸದ್ದು ಇದೆ, ನಿಮಗೆ ಕೇಳಿಸ್ತಿಲ್ಲ ಅಷ್ಟೇ ಎಂದುಬಿಟ್ಟೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ, ಕೂಗಾಡುತ್ತಾರೆ ಎಂದು ಸೊಂಟ ಕಟ್ಟಿ ನಿಂತಿದ್ದೆ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ನನ್ನ ಗಾಡಿ ನನಗೆ ಗೊತ್ತಿಲ್ವಾ ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ. ಅವರು ಜಗಳವಾಡಿದ್ದರೆ ನನಗೆ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು.

ವಿಷಯ ತಲೆಗೆ ಹೊಳೆದದ್ದು ಮಾರನೆಯ ದಿನ ಕ್ಲಿನಿಕ್ಕಿನಲ್ಲಿ. ವಯಸ್ಸಾದವರೊಬ್ಬರು ಕುರ್ಚಿಯಲ್ಲಿ ಮಲಗಿದ್ದರು. ಡಾಕ್ಟರು ಡ್ರಿಲ್ ಕೈಗೆತ್ತಿಕೊಂಡು ಗಾಳಿಯಲ್ಲಿ ಕೀ ಎಂದು ತಿರುಗಿಸಿ ನೋಡುತ್ತಿದ್ದಾಗ ಆತ, ಯಾಕಮ್ಮ ಇನ್ನೂ ಶುರುವೇ ಮಾಡಲಿಲ್ಲ ಎಂದು ನನ್ನನ್ನು ಕೇಳಿದರು. ಅವರು ಹೋದ ಮೇಲೆ ಡಾಕ್ಟರನ್ನು ವಿಚಾರಿಸಿದೆ. ವಯಸ್ಸಾದಂತೆ ತೆಳುವಾದ, ಚೂಪಾದ ಸದ್ದುಗಳು ಮೊದಲು ಹೋಗುತ್ತವೆ, ದಪ್ಪ ದನಿ ಎಷ್ಟೋ ಕಾಲ ಉಳಿದಿರುತ್ತದೆ, ಅದಕ್ಕೇ ಸುತ್ತಲಿನವರಿಗೆ ಗೊತ್ತೇ ಆಗುವುದಿಲ್ಲ ಎಂದರು. ವಾಷಿಂಗ್ ಮೆಷಿನ್ ಪೀಪೀ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರೂ ಪಕ್ಕದಲ್ಲೇ ಕೂತು ಪೇಪರ್ ಓದುವ ಮಾವನನ್ನು ಎಷ್ಟು ಸಲ ಸೋಮಾರಿ ಎಂದು ಮನಸ್ಸಿನಲ್ಲೇ ಬೈದಿದ್ದೆ. ನನ್ನದು ಮೊದಲಿಂದಲೂ ಗಡಸು ದನಿ. ನಾನು ಅಡುಗೆಮನೆಯಲ್ಲಿ ಗೊಣಗಿದ್ದೂ ಅವರಿಗೆ ಕೇಳಿಸುತ್ತಿತ್ತು, ಹಾಗಾಗಿ ಅವರ ಕಿವಿಯ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ.

ಈಗ ಏನು ಮಾಡುವುದು? ಆ ಕಾರಿನಲ್ಲಿ ನನ್ನ ಮಗಳು ಕೂರುತ್ತಾಳೆ. ಏನೋ ಕೆಟ್ಟಿದೆ, ಓಡಿಸುವವರಿಗೆ ಅದು ಕೇಳಿಸುತ್ತಿಲ್ಲ. ಹಾಗೆಂದು ಮಾವನ ಕೈಯಿಂದ ಕೀ ಕಸಿದುಕೊಂಡರೆ ಅವರ ಬಳಿ ಉಳಿಯುವುದೇನು? ಕಿವಿಯಿಂದಲೇ ಬದುಕಿದವರಿಗೆ ನಿಮ್ಮ ಕಿವಿ ಹೋಗಿದೆ ಎಂದು ಸೊಸೆ ಹೇಳುವುದು ಹೇಗೆ? ಗಂಡನ ಬಳಿ ಹೇಳಿದೆ. ಅವರು ಹಾಸಿಗೆಯಲ್ಲೇ ಎದ್ದು ಕೂತು, ಅಪ್ಪನಿಗೆ ಇದನ್ನು ಹೇಳಲು ನನ್ನಿಂದ ಆಗದು, ನೀನೇ ಧೈರ್ಯದವಳು ಎಂದು ಮತ್ತೆ ಹೊದಿಕೆ ಎಳೆದುಕೊಂಡರು. ಇಂಥ ಹೊಗಳಿಕೆಗೇನೂ ನಮ್ಮ ಮನೆಯಲ್ಲಿ ಕಮ್ಮಿಯಿಲ್ಲ.

ಶನಿವಾರದ ತನಕ ಕ್ಲಿನಿಕ್ಕಿಗೆ ತಡವಾಗಿ ಬರುವುದಾಗಿ ಡಾಕ್ಟರಿಗೆ ತಿಳಿಸಿ, ಮನೆಯಲ್ಲಿ ಏನೇನೋ ನೆಪ ಹೇಳಿ ಪುಟ್ಟಿಯನ್ನು ನಾನೇ ನಡೆಸಿಕೊಂಡು ಹೋದೆ. ಮಾವ ಶೇವ್ ಮಾಡಿಕೊಂಡು, ಅಂಗಿ ತೊಟ್ಟು, ಕೀ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ನಾವು ಚಪ್ಪಲಿ ಮೆಟ್ಟಿ ಹೊರಟಾಗ ಏನೂ ಕೇಳುತ್ತಿರಲಿಲ್ಲ. ನಾನು ತಿರುಗಿ ನೋಡದೆ ನಡೆಯುತ್ತಿದ್ದೆ.

ಭಾನುವಾರ ಗೋದಾಮಿನ ಅಂಗಳಕ್ಕೆ ನಾನೂ ಹೋದೆ, ಮಾವನಿಗಿಂತ ಸ್ವಲ್ಪ ಹಿಂದೆ, ನಡೆದುಕೊಂಡು. ಎಲ್ಲರ ಚಹಾ ಮುಗಿಯುವವರೆಗೂ ಕಾದೆ. ಆಮೇಲೆ, ನಮ್ಮ ಕ್ಲಿನಿಕ್ಕಿಗೆ ಬರುವವರೊಬ್ಬರ ಗಾಡಿ ಸದ್ದು ಮಾಡುತ್ತಿದೆ, ನಿಮ್ಮನ್ನು ಕೇಳಿ ಹೇಳಲು ಹೇಳಿದ್ದಾರೆ ಎಂದು ಒಂದು ಸುಳ್ಳು ಬಿಟ್ಟೆ. ನಿಯಮ ನಿಯಮವೇ, ಬಾಯಲ್ಲಿ ಮಾಡಿ ತೋರಿಸಬೇಕು ಎಂದು ಟೈಲರ್ ನಕ್ಕರು. ಮಾವ ಮಡಚುವ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಣ್ಣು ಮುಚ್ಚಿಕೊಂಡರು. ಅದು ಅವರ ರೂಢಿ. ನಾನು ಗಂಟಲು ಸರಿ ಮಾಡಿಕೊಂಡು ಕೀ ಎಂದು ಎಳೆದೆ. ನನ್ನ ದನಿಯಲ್ಲಿ ಅದು ಅಷ್ಟು ತೆಳ್ಳಗೆ ಎಲ್ಲಿ ಬರಬೇಕು, ಹಳೆಯ ಬಾಗಿಲು ಕಿರುಗುಟ್ಟಿದ ಹಾಗೆ ಬಂತು. ಮಾವನಿಗೆ ಅಷ್ಟು ಸಾಕಾಯಿತು.

“ಯಾವಾಗ ಬರತ್ತೆ?”

“ಗಾಡಿ ಓಡ್ತಾ ಇರುವಾಗ, ಮಾವ.”

“ಬ್ರೇಕ್ ಮೇಲೆ ಕಾಲಿಟ್ರೆ?”

“ನಿಲ್ಲತ್ತೆ. ಕಾಲು ತೆಗೆದ್ರೆ ಮತ್ತೆ ಶುರು.”

ಮಾವ ಕಣ್ಣು ಬಿಟ್ಟರು. ಇಂಥ ಸುಲಭದ ಕೇಸು ತಂದಿದ್ದಕ್ಕೆ ಅವರಿಗೆ ಸ್ವಲ್ಪ ಬೇಸರವೇ ಆದಂತಿತ್ತು. ಚಕ್ರದ ಜೊತೆ ತಿರುಗುವ ಒಂದು ಉಕ್ಕಿನ ತಟ್ಟೆ ಇರುತ್ತದೆ, ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುತ್ತವೆ ಎಂದು ನನಗೆ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಪ್ಯಾಡು ಸವೆದು ಮುಗಿಯುತ್ತ ಬಂದಾಗ ಎಚ್ಚರಿಸಲೆಂದೇ ಅದಕ್ಕೊಂದು ತಗಡಿನ ಚೂರು ಕೂಡಿಸಿರುತ್ತಾರಂತೆ. ಅದು ತಟ್ಟೆಗೆ ತಾಗಿದಾಗ ಕಿರುಚುತ್ತದೆ. ಕಿರುಚಲಿ ಅಂತಲೇ ಅದನ್ನು ಇಟ್ಟಿರುವುದು. ಹಾಗೇ ಬಿಟ್ಟರೆ ಪ್ಯಾಡು ಪೂರ್ತಿ ಹೋಗಿ, ಒಂದು ದಿನ ಕಾಲು ಎಷ್ಟು ಒತ್ತಿದರೂ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ ಎಂದರು. ಇಷ್ಟು ಹೇಳುವಷ್ಟರಲ್ಲಿ ಅವರಿಗೆ ಸಿಟ್ಟು ಏರಿತ್ತು.

“ಯಾರಮ್ಮ ಅವನು? ಓಡಿಸೋನಿಗೆ ಕಿವಿ ಇಲ್ವಾ? ಮೊದಲು ಅವನ ಕೈಯಿಂದ ಕೀ ಇಸ್ಕೊಳ್ಳೋಕೆ ಹೇಳು.”

ಅಲ್ಲಿಂದ ಹಿಂದಕ್ಕೆ ಬರಲು ದಾರಿ ಇರಲಿಲ್ಲ.

“ನಮ್ದೇ ಗಾಡಿ, ಮಾವ.”

ಟೈಲರ್ ಖಾಲಿ ಲೋಟದಲ್ಲಿ ಚಹಾ ಹುಡುಕತೊಡಗಿದರು. ಗಣಿತದ ಮೇಡಂ ನನ್ನ ಕಡೆ ನೋಡಿದ ನೋಟದಲ್ಲೇ ನನಗೆ ಅರ್ಥವಾಯಿತು, ಇವರಿಗೆ ಆಶ್ಚರ್ಯವೇ ಆಗಿಲ್ಲ ಎಂದು. ಮಾವನ ಕಿವಿಯ ವಿಷಯ ನಿಮಗೆ ಮುಂಚೆಯೇ ಗೊತ್ತಿತ್ತಾ ಎಂದು ಕೇಳಿದೆ. ಮೇಡಂ ಮೆಲ್ಲಗೆ ಒಪ್ಪಿಕೊಂಡರು. ಬಹಳ ಹಿಂದೆಯೇ ಅನುಮಾನ ಬಂದಿತ್ತು. ಅದಕ್ಕೇ ಸದ್ದು ಮಾಡಿ ತೋರಿಸುವಾಗ ದಪ್ಪ ದನಿಯಲ್ಲಿ, ಜೋರಾಗಿ ಮಾಡುತ್ತಿದ್ದೆವು, ಟೈಲರಂತೂ ಮನೆಯಲ್ಲಿ ಅಭ್ಯಾಸ ಮಾಡಿಕೊಂಡೇ ಬರುವುದು, ನಿಮ್ಮ ಮಾವನವರ ಮರ್ಯಾದೆಗೆ ಕುಂದು ಬರಬಾರದಲ್ಲ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬರ ಮರ್ಯಾದೆ ಕಾಯಲು ಇಷ್ಟು ಜನ ನಿಂತು ಕೋಳಿ ಕುರಿಗಳ ಹಾಗೆ ಕೂಗಿದಿರಿ, ಆ ಗಾಡಿಯಲ್ಲಿ ಒಂದು ಮಗು ಕೂರುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲವೇ ಎಂದು ಹಿಗ್ಗಾಮುಗ್ಗಾ ಬೈದೆ. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಬಯ್ಯುತ್ತಿದ್ದಂತೆಯೇ ನನಗೆ ಅಳು ಬಂತು, ಅದಕ್ಕೂ ಸಿಟ್ಟು ಬಂತು.

“ಅವರನ್ನ ಬಿಡು,” ಎಂದರು ಮಾವ. “ನಿಯಮ ಮಾಡಿದ್ದು ನಾನು. ಇಂಜಿನ್ ಸದ್ದಲ್ಲಿ ಒಂದೊಂದೇ ದನಿ ಕಾಣೆಯಾಗ್ತಾ ಹೋಯ್ತು ಕಣಮ್ಮ. ಮನುಷ್ಯರ ಬಾಯಿಂದ ಬಂದ್ರೆ ಕೇಳಿಸ್ತಿತ್ತು. ಅದಕ್ಕೇ ಮಾಡಿದೆ.”

ಆಮೇಲೆ ಅವರು ಎದ್ದು ಅಂಗಿಯ ತೋಳು ಮಡಚಿದರು. ಮೇಡಂ ತಮ್ಮ ಡಿಕ್ಕಿಯಲ್ಲಿ ಗುಂಪಿನ ಬಿಡಿಭಾಗಗಳ ಪೆಟ್ಟಿಗೆ ಇಟ್ಟಿರುತ್ತಾರೆ, ಅದರಿಂದ ಹೊಸ ಪ್ಯಾಡುಗಳ ಡಬ್ಬಿ ತಂದರು. ಮಾವ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. ಗಾಡಿಯವರಲ್ಲದೆ ಬೇರೆಯವರು ಕೈ ಹಾಕುವಂತಿಲ್ಲವಲ್ಲ ಎಂದೆ. ನೀನು ಬೇರೆಯವಳಾ ಎಂದು ಗದರಿದರು. ಸಮಾಧಾನವಾಯಿತು ನನಗೆ.

ಅವರು ಹೇಳುತ್ತ ಹೋದಂತೆ ನಾನು ಮಾಡಿದೆ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಬೇಕು, ಆಮೇಲೆ ಜಾಕ್. ಚಕ್ರ ಕಳಚಿ, ತಟ್ಟೆಯನ್ನು ಹಿಡಿದುಕೊಂಡಿರುವ ಕಬ್ಬಿಣದ ಹಿಡಿಯ ಬೋಲ್ಟು ಬಿಚ್ಚಿ ಮೇಲೆತ್ತಿ, ಅದು ತನ್ನ ರಬ್ಬರ್ ಕೊಳವೆಯ ಮೇಲೆ ಜೋತಾಡದಂತೆ ತಂತಿಯಿಂದ ಕಟ್ಟಿದೆ. ಹಳೆಯ ಪ್ಯಾಡು ಕೈಗೆ ಬಂತು. ಒಂದು ಬದಿಯಲ್ಲಿ ಉಗುರಿನಷ್ಟು ದಪ್ಪ ಉಳಿದಿತ್ತು, ಇನ್ನೊಂದು ಬದಿಯಲ್ಲಿ ಅದೂ ಇರಲಿಲ್ಲ. ಮಾವ ಅದನ್ನು ಇಸಿದುಕೊಂಡು ಹೆಬ್ಬೆರಳಿನಿಂದ ಸವರಿ ನೋಡಿದರು. ಹೊಸ ಪ್ಯಾಡು ದಪ್ಪವಿರುವುದರಿಂದ ಒಳಗಿನ ಪಿಸ್ಟನ್ನನ್ನು ಬಡಗಿಯ ಕ್ಲಾಂಪಿನಿಂದ ನಿಧಾನ ಹಿಂದಕ್ಕೆ ಒತ್ತಿಸಿದರು. ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಬಿಡಬಾರದು ಎಂದು ಆಚೆಯ ಚಕ್ರವನ್ನೂ ಬಿಚ್ಚಿಸಿದರು. ಎಲ್ಲ ಮುಗಿದು ನಾನು ಹೊರಡುವ ಉತ್ಸಾಹದಲ್ಲಿ ಕೀ ತಿರುಗಿಸಲು ಹೋದರೆ ತಡೆದು, ಮೊದಲು ಬ್ರೇಕನ್ನು ಕಾಲಿಗೆ ಗಟ್ಟಿ ಸಿಗುವವರೆಗೂ ಒತ್ತಿ ಒತ್ತಿ ಬಿಡು, ಇಲ್ಲದಿದ್ದರೆ ನೇರ ಗೋದಾಮಿನ ಗೋಡೆಗೆ ಹೋಗುತ್ತೀಯ ಎಂದರು.

ನನಗೆ ಓಡಿಸಲು ಬರುತ್ತಿದ್ದರೂ ಆ ಕಾರಿನ ಕೀ ಅಂದಿನವರೆಗೆ ಕೈಗೆ ಬಂದಿರಲಿಲ್ಲ, ಅವತ್ತು ಮನೆಗೆ ನಾನೇ ಓಡಿಸಿದೆ. ಮಾವ ಪಕ್ಕದಲ್ಲಿ ಮಡಿಲ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಕಿವಿ ತೋರಿಸಿಕೊಂಡು ಬರೋಣ, ಯಂತ್ರ ಹಾಕಿಸಿಕೊಂಡರೆ ಎಲ್ಲ ಸರಿಹೋಗುತ್ತದೆ, ಆಮೇಲೆ ಕೀ ನಿಮ್ಮದೇ ಎಂದೆ. ಅವರು ಬೇಡ ಎನ್ನಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಗಾಡಿಯ ವಿಷಯ ಅಲ್ಲ ಎಂದರು. ಬೇರೇನು ಎಂದು ಕೇಳಿದೆ.

“ಪುಟ್ಟಿ ದಿನಾ ಹಿಂದೆ ಕೂತ್ಕೊಂಡು ಶಾಲೆ ಬರೋವರೆಗೂ ಮಾತಾಡ್ತಾಳೆ. ಕನ್ನಡೀಲಿ ಬಾಯಿ ಆಡೋದು ಕಾಣ್ಸತ್ತೆ. ಅವಳ ದನಿ ನನ್ನ ಕಿವಿಗೆ ಬೀಳಲ್ಲ. ನಾನು ಹೂಂ ಅಂತೀನಿ. ಒಂದು ವರ್ಷದಿಂದ ಹೂಂ ಅಂತಲೇ ಇದೀನಿ.”

ನಾನು ಗೇರ್ ಬದಲಿಸಿ ಗಾಡಿಯನ್ನು ನಮ್ಮ ಬೀದಿಗೆ ತಿರುಗಿಸಿದೆ.

ಸೋಮವಾರ ಕ್ಲಿನಿಕ್ಕಿಗೆ ತಡವಾಗಿ ಬರುತ್ತೇನೆಂದು ಹೇಳಿ ಕಾರು ತೆಗೆದೆ. ಮಾವ ಮುಂದೆ ಕೂರಲಿಲ್ಲ. ಹಿಂದಿನ ಬಾಗಿಲು ತೆಗೆದು ಪುಟ್ಟಿಯ ಪಕ್ಕ ಕೂತರು, ಅವಳ ಚೀಲವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ದೊಡ್ಡ ರಸ್ತೆಗೆ ಬಂದ ಮೇಲೆ, ಇಷ್ಟು ದಿನ ಅವಳು ಹೇಳಿದ್ದು ತಮಗೆ ಒಂದೂ ಕೇಳಿಸಿಲ್ಲ, ಅಜ್ಜನ ಕಿವಿ ಕೆಟ್ಟಿದೆ, ಅದನ್ನು ಯಾರಿಗೂ ಹೇಳದೆ ತಪ್ಪು ಮಾಡಿದೆ ಎಂದು ನೇರವಾಗಿ ಹೇಳಿದರು. ಅವರ ಬಾಯಿಂದ ತಪ್ಪು ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಪುಟ್ಟಿ ಅವರ ಮುಖವನ್ನೇ ನೋಡಿದಳು. ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಹಾಗಾದರೆ ಏನೂ ಕೇಳಿಸದೆಯೇ ಹೂಂ ಅಂದದ್ದಾ ಎಂದು ಕೇಳಿದಳು. ಅವಳ ದನಿ ಎಂದಿನಂತೆ ತೆಳ್ಳಗಿತ್ತು. ನಾನು ಮುಂದಿನಿಂದ ಅದನ್ನು ನನ್ನ ಗಡಸು ದನಿಯಲ್ಲಿ ಮಾವನಿಗೆ ದಾಟಿಸಿದೆ. ಹೌದು ಎಂದರು ಮಾವ.

“ಅಜ್ಜಿ ಥರ ನೀನೂ ಸತ್ತು ಹೋಗ್ತೀಯಾ ಅಂತ ಕೇಳಿದ್ದೆ,” ಎಂದಳು ಪುಟ್ಟಿ. “ಬೇಗ ಹೋಗ್ತೀಯಾ ಅಂತಾನೂ ಕೇಳಿದ್ದೆ. ನೀನು ನಗ್ತಾ ಹೂಂ ಅಂದೆ.”

ಅದನ್ನು ದಾಟಿಸಲು ನನ್ನಿಂದ ಆಗಲಿಲ್ಲ. ರಸ್ತೆಯ ಬದಿಗೆ ಗಾಡಿ ಎಳೆದು ನಿಲ್ಲಿಸಿಬಿಟ್ಟೆ. ಹಿಂದಿನವನು ಹಾರ್ನ್ ಮಾಡಿ ಬೈದುಕೊಂಡು ಮುಂದೆ ಹೋದ. ಮಾವ ಒಮ್ಮೆ ನನ್ನ ಕಡೆ, ಒಮ್ಮೆ ಅವಳ ಕಡೆ ನೋಡಿದರು. ನಾನು ಬಾಯಿ ಬಿಡುವುದಿಲ್ಲ ಎಂದು ಅವರಿಗೆ ತಿಳಿಯಿತು. ಚೀಲವನ್ನು ಕೆಳಗಿಟ್ಟು, ಪುಟ್ಟಿಯ ಕಡೆಗೆ ಪೂರ್ತಿ ಬಾಗಿ, ತಮ್ಮ ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದರು. ಇನ್ನೊಂದು ಸಲ ಕೇಳು ಕಂದ ಎಂದರು.

ಅವಳು ಎರಡೂ ಕೈಯಿಂದ ಅಜ್ಜನ ತಲೆ ಹಿಡಿದುಕೊಂಡು, ಒಂದೊಂದೇ ಮಾತಾಗಿ, ನಿಧಾನವಾಗಿ ಕೇಳಿದಳು. ಅವರು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿಸಿಕೊಂಡರು. ಈ ಸಲ ಹೂಂ ಎನ್ನಲಿಲ್ಲ.